ಗಾಳಿಗುಡ್ಡದ ತುಂಬೆ

ಗಾಳಿಗುಡ್ಡದ ಮೇಲೆ ನಿಂತು ಮಾತಾಡಿದರೆ ಪಕ್ಕದಲ್ಲಿದ್ದವನಿಗೂ ಕೇಳೋದಿಲ್ಲ. ಅಂಥ ಗಾಳಿ. ಆಷಾಢ ಬಂತೆಂದರೆ ತಲೆಗೆ ಸುತ್ತಿದ ವಸ್ತ್ರವನ್ನು ಕೆಳಗೆ ಹೊಳೆಯಲ್ಲಿ ಹುಡುಕಬೇಕು.

ಗುಡ್ಡದ ಬುಡದಲ್ಲಿ, ಹೊಳೆಯ ದಂಡೆಗೆ, ನಿರ್ವಾಣಜ್ಜನ ಆಶ್ರಮ. ಗುಡ್ಡದ ಮೇಲೆ ಒಂದು ಗವಿ, ಗವಿಯೊಳಗೆ ಲಿಂಗ. ಗವಿಯ ಮುಂದೆ ದೊಡ್ಡ ಇಳಿಜಾರು. ಇಳಿಜಾರಿನ ಕೆಳಗೆ, ಗುಡ್ಡದ ನಡುಮಟ್ಟದಲ್ಲಿ, ಒಂದು ಒರತೆ, ಒರತೆಯ ಪಕ್ಕ ಆಡು ಸಾಕುವವರ ಹಟ್ಟಿ. ನಮ್ಮ ಕಥೆಗೆ ಇಷ್ಟು ಜಾಗ ಸಾಕು.

ಅಲ್ಲೊಂದು ಪದ್ಧತಿ ಇತ್ತು. ಗವಿಯ ಲಿಂಗಕ್ಕೆ ಗುಡ್ಡದಲ್ಲೇ ಅರಳಿದ ತುಂಬೆ ಹೂವು ಏರಬೇಕು. ಕೆಳಗಿನಿಂದ ಒಂದು ಹೂವೂ ಮೇಲೆ ಹೋಗುವ ಹಾಗಿಲ್ಲ.

ಹೂವು ತರುವ ಕೆಲಸ ಮುರಿಗೆಪ್ಪನದು. ಅಜ್ಜನ ಶಿಷ್ಯರಲ್ಲಿ ಇವನೇ ಚುರುಕು, ಇವನೇ ಅವಸರದವನು. ಓದಿದ್ದು ಒಂದೇ ಸಲಕ್ಕೆ ಬಾಯಿಗೆ ಬರುತ್ತಿತ್ತು. ಕಾಯುವುದೊಂದು ಬರುತ್ತಿರಲಿಲ್ಲ.

ಗುಡ್ಡದ ತುಂಬೆ ಇವನ ತಾಳ್ಮೆ ತಿನ್ನುತ್ತಿತ್ತು. ಒಂದು ಗೇಣೂ ಎದ್ದು ನಿಲ್ಲದ ಗಿಡ. ನೆಲಕ್ಕೆ ಅಂಟಿಕೊಂಡ ಕೊಂಬೆ, ಉಗುರಿನಷ್ಟು ಎಲೆ, ಎಲೆಯ ತುಂಬ ಕೂದಲಿನಂಥ ಒರಟು ನವಿರು. ಹೂವೋ, ನುಚ್ಚಕ್ಕಿ. ಬುಟ್ಟಿಯ ತಳ ಮುಚ್ಚುವುದರೊಳಗೆ ಸೂರ್ಯ ನೆತ್ತಿಗೆ ಬರುತ್ತಿದ್ದ.

ಕೆಳಗೆ ಹೊಳೆದಂಡೆಯಲ್ಲಿ, ಆಶ್ರಮದ ಬೇಲಿಯೊಳಗೂ ತುಂಬೆ ಇತ್ತು. ಸೊಂಟದುದ್ದ! ಅಗಲ ಎಲೆ, ಕೈತುಂಬ ಹೂವು. ಆದರೆ ಅದು ಮೇಲೆ ಹೋಗುವ ಹಾಗಿಲ್ಲವಲ್ಲ.

ಒಂದು ದಿನ ಮುರಿಗೆಪ್ಪ ಕೇಳಿಯೇಬಿಟ್ಟ.

"ಅಜ್ಜಾ, ಎರಡೂ ತುಂಬೆಯೇ. ಕೆಳಗಿನದು ಹಂಗೆ ಬೆಳೀತದೆ. ಮೇಲಿನದಕ್ಕೇನು ಬಂದಿದೆ ರೋಗ?"

"ರೋಗ ಇಲ್ಲ."

"ಮತ್ತೆ ಯಾಕೆ ಕುಳ್ಳಗಿದೆ? ಹಟ್ಟಿಯ ಕೆಂಚವ್ವನ ಆಡುಗಳು ಕೂಡ ಮೂಸಿ ನೋಡಿ ಮುಖ ತಿರುಗಿಸ್ತಾವೆ. ಆಡೂ ತಿನ್ನದ ಗಿಡ ಅದು."

ಅಜ್ಜ ಗುಡ್ಡದ ಕಡೆ ನೋಡಿದರು.

"ಉದ್ದದ್ದೂ ಬಂದಿತ್ತು, ಮುರಿಗೆಪ್ಪ."

"ಗುಡ್ಡಕ್ಕಾ? ಎಲ್ಲಿದೆ?"

"ಹುಡುಕು."

ಮುರಿಗೆಪ್ಪ ಹುಡುಕಲಿಲ್ಲ. ಅಜ್ಜನಿಗೆ ವಯಸ್ಸಾಯಿತು, ಏನೋ ಒಂದು ಹೇಳುತ್ತಾರೆ ಅಂದುಕೊಂಡ. ಬುದ್ಧಿವಂತರ ಕಷ್ಟವೇ ಇದು, ಅರ್ಥವಾಗದ ಮಾತನ್ನು ಆಡಿದವರ ತಲೆಗೇ ಕಟ್ಟಿಬಿಡುತ್ತಾರೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಅಜ್ಜ ಸಂಚಾರಕ್ಕೆ ಹೊರಟರು. ಅವರು ಹೊಳೆ ದಾಟಿದ್ದೇ ತಡ, ಮುರಿಗೆಪ್ಪ ಗುದ್ದಲಿ ಹೆಗಲಿಗೇರಿಸಿದ.

ಗುಡ್ಡದಲ್ಲೇ ಅರಳಿದ ಹೂವು ತಾನೇ ಬೇಕು? ಹೊಳೆದಂಡೆಯ ಬೀಜ ತಂದು ಗುಡ್ಡದಲ್ಲಿ ಬಿತ್ತಿದರೆ ಅರಳುವುದು ಗುಡ್ಡದಲ್ಲೇ. ಪದ್ಧತಿಯೂ ಉಳಿಯಿತು, ಬುಟ್ಟಿಯೂ ತುಂಬಿತು. ಯೋಚನೆ ಎಷ್ಟು ಚೆನ್ನಾಗಿತ್ತೆಂದರೆ ಅವನಿಗೆ ಅವನ ಮೇಲೇ ಪ್ರೀತಿ ಬಂತು.

ಇಳಿಜಾರಿನ ಮೇಲೆ ಒಣಗಿ ಚಾಪೆಯಾಗಿ ಬಿದ್ದಿದ್ದ ಹಳೆಯ ತುಂಬೆಯನ್ನೆಲ್ಲ ಕಿತ್ತ. ಅದರ ಸಂದಿನಲ್ಲಿದ್ದ ಹುಲ್ಲನ್ನೂ ಕಿತ್ತ. ಕಿತ್ತದ್ದನ್ನು ರಾಶಿ ಹಾಕಿ ಸುಟ್ಟ. ಮಣ್ಣು ಅಗೆದು ಹದ ಮಾಡಿ, ಹೊಳೆದಂಡೆಯ ಅತಿ ಎತ್ತರದ ಗಿಡಗಳಿಂದ ತೆಗೆದ ಬೀಜ ಚೆಲ್ಲಿದ. ಹುಲ್ಲೂ ಇಲ್ಲದ ಇಳಿಜಾರನ್ನು ಬಿಟ್ಟು ಹಟ್ಟಿಯ ಆಡುಗಳು ಗುಡ್ಡದ ಆಚೆ ಬದಿಗೆ ಮೇಯಲು ಹೋದವು.

ಮೊದಲ ಮಳೆಗೆ ಇಳಿಜಾರೆಲ್ಲ ಹಸಿರಾಯಿತು. ನೋಡನೋಡುತ್ತ ಗಿಡ ಮೊಣಕಾಲಿಗೆ ಬಂತು. ಮುರಿಗೆಪ್ಪ ದಿನಾ ಬೆಳಿಗ್ಗೆ ಹೋಗಿ ಗಿಡದ ಪಕ್ಕ ನಿಂತು ಎತ್ತರ ನೋಡಿಕೊಂಡು ಬರುತ್ತಿದ್ದ.

ಆಮೇಲೆ ಆಷಾಢ ಬಂತು.

ಗಾಳಿ ಮೊದಲು ಎಲೆ ಹರಿಯಿತು. ಆಮೇಲೆ ಕಾಂಡ ಮುರಿಯಿತು. ಗಾಳಿಗೆ ಬಗ್ಗಿ ಉಳಿದವುಗಳ ಬೇರು ಮೇಲೆದ್ದಿತು. ಗಾಳಿಯ ಹಿಂದೆಯೇ ದೊಡ್ಡ ಮಳೆ ಸುರಿದು, ಹಿಡಿದುಕೊಳ್ಳುವ ಬೇರಿಲ್ಲದ ಮಣ್ಣು ಇಳಿಜಾರಿನಿಂದ ಜಾರಿತು. ಅದರ ಜೊತೆ ಹಳೆಯ ತುಂಬೆ ಉದುರಿಸಿದ್ದ ಬೀಜವೂ ಹೋಯಿತು. ಆ ಮಣ್ಣೆಲ್ಲ ಹೋಗಿ ಕೂತದ್ದು ಒರತೆಯ ಬಾಯಲ್ಲಿ.

ಮಾರನೆಯ ದಿನ ಕೆಂಚವ್ವ ಬಂದಳು. ಹಟ್ಟಿಯ ಹಿರಿಯಳು ಅವಳು. ಕೈಯಲ್ಲಿ ಕೊಡ, ಕೊಡದಲ್ಲಿ ಕೆಸರು. ತಂದು ಆಶ್ರಮದ ಅಂಗಳಕ್ಕೆ ಸುರಿದಳು.

"ತಗಾ ಸ್ವಾಮಿ, ಕುಡಿ. ನಿನ್ನ ತೋಟದ ನೀರು."

ಮುರಿಗೆಪ್ಪ ಬಗ್ಗಿ ಕೆಸರು ಮುಟ್ಟಿ ನೋಡಿದ.

"ನಮ್ಮವ್ವ ಕುಡಿದ ಒರತೆ ಅದು, ನಮ್ಮವ್ವನ ಅವ್ವ ಕುಡಿದದ್ದು. ನಿನ್ನ ಗುದ್ದಲಿಗೆ ಬೇರೆ ಜಾಗ ಸಿಗಲಿಲ್ಲೇನು?"

"ತೆಗೀತೀನಿ ಕೆಂಚವ್ವ. ಮಣ್ಣೆಲ್ಲ ನಾನೇ ತೆಗೀತೀನಿ."

"ತೆಗಿ. ನಾಳೆ ಮಳೆ ಬರ್ತದೆ, ಮತ್ತೆ ತುಂಬ್ತದೆ. ಆಡಿಗೆ ಏನು ಕುಡಿಸ್ಲಿ? ನಿನ್ನ ಮಂತ್ರ ಕುಡಿಸ್ಲಾ?"

ಅವನು ಮಣ್ಣು ತೆಗೆದ. ಮಳೆ ಬಂತು, ಮತ್ತೆ ತುಂಬಿತು. ಮತ್ತೆ ತೆಗೆದ. ಮತ್ತೆ ತುಂಬಿತು. ಹೊಳೆಗೆ ಹೋಗೋಣವೆಂದರೆ ಆ ಕಡಿದಾದ ದಾರಿಯಲ್ಲಿ ಇಷ್ಟು ಆಡುಗಳನ್ನು ದಿನಾ ಇಳಿಸಿ ಹತ್ತಿಸುವುದು ಆಗದ ಮಾತು.

ಶ್ರಾವಣದಲ್ಲಿ ಹಟ್ಟಿಯವರು ಗಂಟುಮೂಟೆ ಕಟ್ಟಿದರು. ದೂರದ ಕೆರೆಯಂಗಳದಲ್ಲಿ ಯಾರದೋ ಬೀಳು ಹೊಲ, ಅಲ್ಲಿಗೆ ಹೊರಟರು. ಕೆಂಚವ್ವ ಹೋಗುವಾಗ ಬೈಯಲಿಲ್ಲ. ಒರತೆಯ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಮುರಿಗೆಪ್ಪನಿಗೆ.

"ಒರತೆ ತಿಳಿಯಾದ ದಿನ ನಾನೇ ಬಂದು ಕರೀತೀನಿ," ಅಂದ.

"ನಾನು ಬದುಕಿರ್ತೀನಾ ನೋಡ್ಕಂಡು ಕರಿ," ಅಂದಳು ಅವಳು.

ಅಜ್ಜ ಸಂಚಾರ ಮುಗಿಸಿ ಬಂದದ್ದು ಹೂವಿನ ಕಾಲಕ್ಕೆ. ಹೊಳೆ ದಾಟುವಾಗಲೇ ಗುಡ್ಡದ ಮೇಲಿನ ಕೆಂಪು ಗಾಯ ಕಂಡಿರಬೇಕು. ನಾನಾಗಿದ್ದರೆ ಕಿವಿ ಹಿಂಡಿಬಿಡುತ್ತಿದ್ದೆ.

"ಬುಟ್ಟಿ ತಾ. ಪೂಜೆಗೆ ಹೊತ್ತಾಯ್ತು," ಅಂದರು.

"ಹೂವಿಲ್ಲ ಅಜ್ಜಾ."

"ಬುಟ್ಟಿ ಇದೆಯಲ್ಲ?"

ಖಾಲಿ ಬುಟ್ಟಿ ಹೊತ್ತು ಮುರಿಗೆಪ್ಪ ಗುಡ್ಡ ಹತ್ತಿದ. ಅಜ್ಜ ಅದನ್ನು ಲಿಂಗದ ಮುಂದಿಟ್ಟು ಕೈಮುಗಿದರು. ಮುರಿಗೆಪ್ಪ ಗೋಡೆಗೆ ಮುಖ ಮಾಡಿ ಅತ್ತ.

"ಶಿಕ್ಷೆ ಕೊಡಿ ಅಜ್ಜಾ."

"ನಾನ್ಯಾಕೆ ಕೊಡಲಿ? ಗುಡ್ಡ ಕೊಟ್ಟಿದೆ."

"ನೀವು ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ."

ಮುರಿಗೆಪ್ಪ ನೆನಪು ಮಾಡಿಕೊಂಡ. ಉದ್ದದ್ದೂ ಬಂದಿತ್ತು. ಹುಡುಕು ಅಂದಿದ್ದರು. ಈಗ ಗವಿಯ ಬಾಗಿಲಲ್ಲಿ ನಿಂತು ನೋಡಿದರೆ ಉದ್ದದ್ದು ಎಲ್ಲಿ ಹೋಯಿತೆಂದು ಚೆನ್ನಾಗಿ ಕಾಣುತ್ತಿತ್ತು.

"ಹಳೇ ತುಂಬೆ ಮತ್ತೆ ತರ್ತೀನಿ," ಅಂದ.

ಸುತ್ತಲ ಗುಡ್ಡಗಳಲ್ಲೆಲ್ಲ ಅಲೆದ. ಒಂದರಲ್ಲಿ ಬರೀ ಕಳ್ಳಿ, ಒಂದರಲ್ಲಿ ಬರೀ ಬಂಡೆ. ಗೇಣೂ ಏಳದ ಆ ತುಂಬೆ ಎಲ್ಲೂ ಇಲ್ಲ. ಕಾಲು ಒಡೆದುಕೊಂಡು ವಾಪಸು ಬಂದು ಅಜ್ಜನ ಮುಂದೆ ಕುಸಿದ.

"ಎಲ್ಲೂ ಇಲ್ಲ. ನಾನು ಸುಟ್ಟಿದ್ದೇ ಕೊನೇದು."

"ನಿನ್ನ ಹತ್ತಿರ ಏನಿದೆ?"

"ಹೊಳೆದಂಡೆ ಬೀಜ. ಅದು ನಿಲ್ಲಲ್ಲ ಅಂತ ನೋಡಿದೆನಲ್ಲ."

"ಇರೋದು ಅದೇ ಅಂದಮೇಲೆ ಅದನ್ನೇ ಬಿತ್ತು."

ಮುರಿಗೆಪ್ಪ ಹಲ್ಲು ಕಚ್ಚಿದ. ಹುಟ್ಟಿದಾಗಿನಿಂದ ಅವಸರಕ್ಕೆ ಖರ್ಚಾಗುತ್ತಿದ್ದ ಹಟ ಆವತ್ತು ಮೊದಲ ಸಲ ಒಂದು ಕೆಲಸಕ್ಕೆ ಸಿಕ್ಕಿತು.

ಬೇಸಿಗೆಯೆಲ್ಲ ಕಲ್ಲು ಹೊತ್ತು ಇಳಿಜಾರಿಗೆ ಅಡ್ಡಡ್ಡ ಸಾಲು ಕಟ್ಟಿದ, ಉಳಿದ ಮಣ್ಣಾದರೂ ನಿಲ್ಲಲಿ ಅಂತ. ಮಳೆಗೆ ಬಿತ್ತಿದ. ಈ ಸಲ ಗಾಳಿಗೆ ಬಿಡುವವನಲ್ಲ ಅವನು. ಸಾಲುಸಾಲಿಗೂ ಈಚಲ ಗರಿಯ ತಟ್ಟಿ ಕಟ್ಟಿದ. ಮಳೆ ತಡವಾದ ದಿನ ಹೊಳೆಯಿಂದ ನೀರು ಹೊತ್ತ. ಹೆಗಲು ಬಾತುಕೊಂಡಿತು, ಬಿಡಲಿಲ್ಲ.

ಆಷಾಢ ಬಂತು. ತಟ್ಟಿಯ ಮರೆಯಲ್ಲಿ ಗಿಡಗಳು ಹಾಯಾಗಿ ನಿಂತವು.

"ಅಜ್ಜಾ, ಬಂದು ನೋಡಿ! ನಿಂತಿವೆ!"

ಅಜ್ಜ ನಿಧಾನ ಹತ್ತಿ ಬಂದರು. ಗಿಡ ನೋಡಿದರು. ತಟ್ಟಿ ನೋಡಿದರು. ಒಂದು ತಟ್ಟಿಯನ್ನು ಕಿತ್ತು ಕಂಕುಳಲ್ಲಿ ಇಟ್ಟುಕೊಂಡರು. ಇನ್ನೊಂದು ಕಿತ್ತರು.

"ಅಜ್ಜಾ! ಏನ್ಮಾಡ್ತಿದೀರಿ?"

"ಒಲೆಗೆ ಸೌದೆ ಇರಲಿಲ್ಲ."

"ಗಾಳಿಗೆ ಎಲ್ಲಾ ಹೋಗ್ತವೆ!"

"ಹೂಂ."

"ಇದಕ್ಕೇನಾ ನಾನು ಹೆಗಲು ಸವೆಸಿದ್ದು?"

ಅಜ್ಜ ಮೂರನೆಯ ತಟ್ಟಿಗೆ ಕೈ ಹಾಕಿದರು. ಮುರಿಗೆಪ್ಪ ಅಡ್ಡ ನಿಂತ. ಗುರುವಿನ ಕೈಯನ್ನು ಹಿಡಿದೇಬಿಟ್ಟ.

"ಬಿಡಲ್ಲ ಅಜ್ಜಾ. ಕೆಂಚವ್ವನಿಗೆ ಮಾತು ಕೊಟ್ಟಿದೀನಿ."

"ಎಷ್ಟು ವರ್ಷ ಈ ತಟ್ಟಿ ಹಿಡ್ಕೊಂಡು ನಿಲ್ತೀಯಾ?"

"ಸಾಯೋವರೆಗೂ."

"ಸತ್ತ ಮಾರನೇ ದಿನ?"

ಮುರಿಗೆಪ್ಪನ ಕೈ ತಾನಾಗಿ ಸಡಿಲವಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಸರಸರ ಹೋಗಿ ಉಳಿದ ತಟ್ಟಿಗಳನ್ನೆಲ್ಲ ತಾನೇ ಕಿತ್ತು ಅಜ್ಜನ ಮುಂದೆ ಎಸೆದ.

"ತಗೊಳ್ಳಿ. ಚೆನ್ನಾಗಿ ಅಡುಗೆ ಮಾಡ್ಕೊಳ್ಳಿ."

ಅಜ್ಜ ಮಾಡಿಕೊಂಡರು. ಆ ಒಲೆಯ ಅನ್ನವನ್ನು ಮುರಿಗೆಪ್ಪ ಮುಟ್ಟಲಿಲ್ಲ.

ಗಾಳಿ ತನ್ನ ಕೆಲಸ ಮಾಡಿತು. ಆಷಾಢ ಕಳೆದ ಮೇಲೆ ಅಜ್ಜ ಅವನನ್ನು ಮತ್ತೆ ಮೇಲೆ ಕರೆದುಕೊಂಡು ಹೋದರು.

"ಏನಿದೆ?"

"ಏನೂ ಇಲ್ಲ."

"ಕೂತು ನೋಡು."

ಕೂತ. ಕೂತಾಗ ಕಂಡಿತು. ಕಲ್ಲಿನ ಸಾಲಿನ ಹತ್ತಿರ ಒಂದು ಗಿಡ ಉಳಿದಿತ್ತು, ಬುಡದಲ್ಲೇ ಕವಲೊಡೆದು ಮಲಗಿದ್ದು. ಅತ್ತ ಒಂದು, ಮೊಳದಷ್ಟಕ್ಕೇ ಬೆಳವಣಿಗೆ ಮುಗಿಸಿ ಅವಸರವಾಗಿ ಹೂವು ಬಿಟ್ಟಿದ್ದು. ಇನ್ನೂ ಕೆಲವು ಅಲ್ಲಲ್ಲಿ. ಕಡ್ಡಿ ಕಡ್ಡಿ, ಹರಿದ ಎಲೆ.

"ಇವು ದರಿದ್ರದವು ಅಜ್ಜಾ."

"ಇವುಗಳ ಬೀಜ ತೆಗೆ."

"ಇವುಗಳದ್ದಾ? ಹೊಳೆ ಹತ್ತಿರ ಒಳ್ಳೇ ಗಿಡ ಅಷ್ಟೊಂದಿವೆ!"

"ಒಳ್ಳೇದು ಯಾವುದು ಅಂತ ಇಲ್ಲಿ ಯಾರನ್ನ ಕೇಳಬೇಕು? ನಿನ್ನನ್ನಾ?"

ಮುರಿಗೆಪ್ಪ ಮಲಗಿದ್ದ ಗಿಡದ ಕವಲನ್ನು ಬೆರಳಿಂದ ಎತ್ತಿ ಬಿಟ್ಟ, ಅದು ಮತ್ತೆ ನೆಲಕ್ಕೊರಗಿತು. ಆಮೇಲೆ ಕೇಳಿದ.

"ಗಾಳಿ ಇವಕ್ಕೆ ಬಗ್ಗೋದು ಕಲಿಸ್ತಾ ಅಜ್ಜಾ?"

"ಉಳಿದವಕ್ಕೆ ಕಲಿಸಿತು ಅಂದರೆ, ಸತ್ತವಕ್ಕೆ ಯಾಕೆ ಕಲಿಸಲಿಲ್ಲ? ಅದೇ ಗಾಳಿ ತಾನೆ?"

"ಮತ್ತೆ?"

"ಇದು ಹುಟ್ಟುವಾಗಲೇ ಗಿಡ್ಡ. ಹೊಳೆದಂಡೆಯಲ್ಲಿ ಹುಟ್ಟಿದ್ದರೆ ಉದ್ದದವುಗಳ ನೆರಳಲ್ಲಿ ಬಿಸಿಲಿಲ್ಲದೆ ಸಾಯ್ತಿತ್ತು. ನೀನೇ ಕಳೆ ಅಂತ ಕೀಳ್ತಿದ್ದೆ."

"ಹಂಗಾದರೆ ಗಾಳಿ ಏನು ಮಾಡಿತು?"

"ನೀನು ದಿನಾ ಮಾಡ್ತಿದ್ದ ಕೆಲಸವನ್ನೇ. ಬುಟ್ಟಿ ಹಿಡ್ಕೊಂಡು ಬಂದು ಆರಿಸಿತು."

ಆ ವರ್ಷ ಸಿಕ್ಕ ಬೀಜ ಒಂದು ಹಿಡಿಯೂ ಇರಲಿಲ್ಲ. ಅಷ್ಟನ್ನೇ ಸೋರೆಬುರುಡೆಯಲ್ಲಿ ಹಾಕಿ ಅಟ್ಟಕ್ಕೆ ಕಟ್ಟಿದ. ಮುಂದಿನ ಮಳೆಗೆ ಬಿತ್ತಿದ. ನೀರು ಹಾಕಲಿಲ್ಲ, ತಟ್ಟಿ ಕಟ್ಟಲಿಲ್ಲ. ಆಷಾಢ ಬಂದಾಗ ಗುಡಿಸಲಿನಲ್ಲಿ ಕೂತು ಗಾಳಿಯ ಸದ್ದು ಕೇಳಿದ. ಅವನ ಜೀವಮಾನದಲ್ಲಿ ಅದರಷ್ಟು ಕಷ್ಟದ ಕೆಲಸ ಇನ್ನೊಂದಿರಲಿಲ್ಲ, ಸುಮ್ಮನೆ ಕೂರುವುದು.

ಬಹಳ ಸತ್ತವು. ಆದರೆ ಹಿಂದಿನ ವರ್ಷಕ್ಕಿಂತ ಕಡಿಮೆ.

ಅವುಗಳ ಬೀಜ ತೆಗೆದ. ಮತ್ತೆ ಬಿತ್ತಿದ. ಒಂದು ವರ್ಷ ಗಾಳಿ ಸುಮಾರಾಗಿತ್ತು, ಮಳೆ ಅರ್ಧಕ್ಕೇ ನಿಂತಿತು. ತಡವಾಗಿ ಹೂವು ಬಿಡುವವೆಲ್ಲ ಒಣಗಿ, ಬೇಗ ಅರಳಿದವು ಮಾತ್ರ ಬೀಜ ಕಟ್ಟಿದವು. ಇನ್ನೊಂದು ವರ್ಷ ಬಿಸಿಲು ಬಂಡೆ ಸೀಳುವ ಹಾಗಿತ್ತು. ಅಗಲ ಎಲೆಯವು ಬಾಡಿದವು, ಎಲೆಯನ್ನು ಸುರುಳಿ ಸುತ್ತಿಕೊಂಡವು ಉಳಿದವು. ಮುರಿಗೆಪ್ಪ ಒಂದಕ್ಕೂ ಆಸರೆ ಕೊಡಲಿಲ್ಲ. ಅಳು ಬಂದಾಗ ಒರತೆಗೆ ಹೋಗಿ ಮಣ್ಣು ತೆಗೆಯುತ್ತಿದ್ದ.

ಹೂವಿನ ಕಾಲ ಬಂದಾಗಲೆಲ್ಲ ಅಜ್ಜ, "ಬುಟ್ಟಿ ತಾ," ಅನ್ನುತ್ತಿದ್ದರು. ಅವನು ಖಾಲಿ ಬುಟ್ಟಿ ತರುತ್ತಿದ್ದ. ಅಜ್ಜ ಲಿಂಗದ ಮುಂದಿಡುತ್ತಿದ್ದರು.

ಒಂದು ವರ್ಷ ಬುಟ್ಟಿ ಇಡುವಾಗ ಅಜ್ಜ ಹೊರಗೆ ಕೈ ತೋರಿಸಿದರು.

"ಹೂವಿದೆಯಲ್ಲೋ ಅಲ್ಲಿ. ಬೆಳ್ಳಗೆ ಕಾಣ್ತಿದೆ."

"ಇದೆ."

"ಮತ್ತೆ ಬುಟ್ಟಿ ಖಾಲಿ?"

"ಹೂವು ಕಿತ್ತರೆ ಬೀಜ ಎಲ್ಲಿಂದ ಬರ್ತದೆ? ಕೀಳಲ್ಲ."

"ದೇವರು ಕೇಳಿದರೆ?"

"ಕಾಯಲಿ. ನಾನು ಕಾಯ್ತಿಲ್ವಾ?"

ಅಜ್ಜ ಗವಿಯೆಲ್ಲ ತುಂಬುವ ಹಾಗೆ ನಕ್ಕರು. ಕಾಯುವುದು ಬಾರದ ಶಿಷ್ಯ ದೇವರಿಗೇ ಕಾಯಲು ಹೇಳುತ್ತಿದ್ದ.

ಆ ನಡುವೆ ಮುರಿಗೆಪ್ಪನ ಊರಿನಿಂದ ಹಿರಿಯರು ಬಂದರು. ಊರಿನ ಮಠ ಖಾಲಿ ಬಿದ್ದಿದೆ, ಇವನೇ ಬಂದು ಪಟ್ಟಕ್ಕೆ ಕೂರಬೇಕು ಅಂದರು. ಹೊಸ ಕಾವಿ, ಹಣ್ಣು, ಪಲ್ಲಕ್ಕಿಯ ಮಾತು. ಒಂದು ಕಾಲದಲ್ಲಿ ಮುರಿಗೆಪ್ಪ ಅದಕ್ಕೆಂದೇ ಓದಿದವನು.

ಅಜ್ಜ ಅಂದರು, "ಹೋಗ್ತೀಯೇನೋ? ಪಲ್ಲಕ್ಕಿ ಅಂತೆ."

"ನಾನು ಕಿತ್ತ ಗುಡ್ಡ ಇದು. ಇದಕ್ಕೆ ಹೊದಿಕೆ ಹಾಕದೆ ಎಲ್ಲಿಗೂ ಬರಲ್ಲ."

"ಎಷ್ಟು ದಿನ ಆಗ್ತದೆ?" ಅಂತ ಹಿರಿಯರು ಕೇಳಿದರು.

"ಗಾಳಿಯನ್ನು ಕೇಳಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗುರುವಿನ ಹುಚ್ಚು ಶಿಷ್ಯನಿಗೂ ಹಿಡಿದಿದೆ ಅಂದುಕೊಂಡು ಹಣ್ಣು ಇಟ್ಟು ಹೋದರು. ಹಣ್ಣು ಚೆನ್ನಾಗಿತ್ತು, ಇಬ್ಬರೂ ತಿಂದರು.

ವರ್ಷ ವರ್ಷಕ್ಕೆ ಗಿಡ ನೆಲಕ್ಕೆ ಹತ್ತಿರವಾಯಿತು. ಬೇರು ಬಂಡೆಯ ಬಿರುಕಿಗೆ ಇಳಿಯಿತು. ಒಣಗಿದ ಗಿಡವೂ ಚಾಪೆಯಾಗಿ ನೆಲ ಬಿಡದೆ ಹಿಡಿಯಿತು. ಆ ಚಾಪೆಯ ಸಂದಿನಲ್ಲಿ ಎಲ್ಲಿಂದಲೋ ಬಂದ ಹುಲ್ಲು ಮೊಳೆಯಿತು. ಮುರಿಗೆಪ್ಪನ ಗಡ್ಡದಲ್ಲಿ ಬಿಳಿ ಬಂತು. ಅಜ್ಜನಿಗೆ ಗುಡ್ಡ ಹತ್ತಲು ಅವನ ಭುಜ ಬೇಕಾಯಿತು.

ಒಂದು ಸಂಜೆ ಮುರಿಗೆಪ್ಪ ಒಂದು ಎಲೆ ತಂದು ಅಜ್ಜನ ಅಂಗೈಯಲ್ಲಿಟ್ಟ.

"ಮುಟ್ಟಿ ನೋಡಿ ಅಜ್ಜಾ. ಹಳೇದಕ್ಕೆ ಒರಟು ನವಿರಿತ್ತು. ಇದು ನುಣ್ಣಗಿದೆ. ಎಲೆ ಬೇರೆ ಸುರುಳಿ."

"ಹೌದು."

"ಹಳೇದು ಹಂಗಾದರೆ ಬರಲೇ ಇಲ್ವಲ್ಲ."

"ಬರಲಿಲ್ಲ."

"ಇನ್ನೂ ಹತ್ತು ವರ್ಷ ಬಿತ್ತಿದರೆ?"

"ಬರಲ್ಲ, ಮುರಿಗೆಪ್ಪ. ಅದು ಹೋಯ್ತು. ಅದು ನಡೆದು ಬಂದ ದಾರಿ ಬೇರೆ, ಇದರದ್ದು ಬೇರೆ. ಗುಡ್ಡ ಮಾತ್ರ ಅದೇ."

ಮುರಿಗೆಪ್ಪ ಮುಖ ಮುಚ್ಚಿಕೊಂಡ. ಇಷ್ಟು ವರ್ಷ ಅವನ ಮನಸ್ಸಿನ ಒಂದು ಮೂಲೆಯಲ್ಲಿ, ಹಳೆಯದೇ ಒಂದು ದಿನ ಎದ್ದು ಬರುತ್ತದೆ, ತನ್ನ ತಪ್ಪು ಅಳಿಸಿಹೋಗುತ್ತದೆ ಅನ್ನುವ ಆಸೆ ಇತ್ತು. ಆ ಆಸೆ ಆವತ್ತು ಮುಗಿಯಿತು. ಅಜ್ಜ ಅವನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕತ್ತಲಾಗುವವರೆಗೂ ಕೂತಿದ್ದರು.

ಬೆಳಿಗ್ಗೆ ಅವನು ಮತ್ತೆ ಗುಡ್ಡದಲ್ಲಿದ್ದ.

ಆ ವರ್ಷ ದೊಡ್ಡ ಮಳೆ ಬಂತು. ಹಿಂದೆ ಇಳಿಜಾರನ್ನು ಜಾರಿಸಿದಂಥದೇ ಮಳೆ. ಮಳೆ ನಿಂತದ್ದೇ ಮುರಿಗೆಪ್ಪ ಓಡಿದ. ಒರತೆಯ ಮುಂದೆ ಮೊಣಕಾಲೂರಿ ಬಗ್ಗಿದ. ನೀರಿನ ತಳದ ಕಲ್ಲುಗಳು ಒಂದೊಂದಾಗಿ ಕಾಣುತ್ತಿದ್ದವು. ಬೊಗಸೆ ತುಂಬ ಕುಡಿದ. ಕೂಗಬೇಕು ಅನ್ನಿಸಿತು, ಕೂಗಿದ. ಗಾಳಿಯಲ್ಲಿ ಯಾರಿಗೂ ಕೇಳಲಿಲ್ಲ.

ಅಲ್ಲಿಂದಲೇ ಕೆರೆಯಂಗಳದ ದಾರಿ ಹಿಡಿದ.

ಕೆಂಚವ್ವ ಬದುಕಿದ್ದಳು. ಬೆನ್ನು ಬಾಗಿತ್ತು, ನಾಲಿಗೆ ಬಾಗಿರಲಿಲ್ಲ.

"ಯಾರು ನೀನು, ಗುದ್ದಲಿ ಸ್ವಾಮಿನಾ? ಮುದುಕ ಆಗಿಬಿಟ್ಟಿದೀಯಲ್ಲೋ!"

"ಒರತೆ ತಿಳಿಯಾಗಿದೆ ಕೆಂಚವ್ವ."

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಒಳಗಿದ್ದವರನ್ನು ಕೂಗಿ, "ಏಳ್ರೋ, ಗಂಟು ಕಟ್ರಿ," ಅಂದಳು. ಪರರ ಹೊಲದ ಅಂಚಿನಲ್ಲಿ ಇಷ್ಟು ವರ್ಷ ಬೈಗುಳ ತಿಂದುಕೊಂಡು ಇದ್ದವರು. ಕಟ್ಟುವುದಕ್ಕೆ ತಡ ಮಾಡಲಿಲ್ಲ.

ಹಟ್ಟಿಯವರು ಮರುದಿನ ಸಂಜೆಗೆ ಗುಡ್ಡ ಹತ್ತಿದರು. ಕೆಂಚವ್ವ ಒರತೆಯ ಕಲ್ಲು ಮುಟ್ಟಿ, ನೀರು ಕುಡಿದು, ಮುಖಕ್ಕೆ ಎರಚಿಕೊಂಡು ಜೋರಾಗಿ ಅತ್ತಳು.

ಮಾರನೆಯ ದಿನ ಬೆಳಿಗ್ಗೆ ಮುರಿಗೆಪ್ಪ ಬುಟ್ಟಿ ತೊಳೆದ.

"ಅಜ್ಜಾ, ಇವತ್ತು ಹೂವು ಕೀಳ್ತೀನಿ. ಬೀಜಕ್ಕೆ ಬಿಟ್ಟೂ ಮಿಗ್ತವೆ."

"ನಡಿ," ಅಂದರು ಅಜ್ಜ. ಅವನ ಭುಜ ಹಿಡಿದು ಹತ್ತಿದರು.

ಇಳಿಜಾರು ಕಣ್ಣಿಗೆ ಬೀಳುತ್ತಲೇ ಮುರಿಗೆಪ್ಪ ಬುಟ್ಟಿ ಕೆಳಗೆ ಹಾಕಿದ.

ಕೆಂಚವ್ವನ ಆಡುಗಳು ತುಂಬೆಯ ನಡುವೆ ನಿಂತಿದ್ದವು. ಮೂಸಿ ಮುಖ ತಿರುಗಿಸುತ್ತಿರಲಿಲ್ಲ. ಮೇಯುತ್ತಿದ್ದವು. ನುಣ್ಣನೆಯ ಎಲೆ, ಹೂವು, ಕೊಂಬೆ, ಎಲ್ಲ ಕರಕರ ಮೇಯುತ್ತಿದ್ದವು.

ಅಜ್ಜನನ್ನು ಒಂದು ಬಂಡೆಗೆ ಕೂರಿಸಿ, ಅಲ್ಲೇ ಬಿದ್ದಿದ್ದ ಕೋಲು ಎತ್ತಿಕೊಂಡು ಮುರಿಗೆಪ್ಪ ಓಡಿದ.

"ಹೋಯ್! ಹಿಡ್ಕೊಳೇ ನಿನ್ನ ಆಡುಗಳನ್ನ! ಕೆಂಚವ್ವಾ!"

ಕೆಂಚವ್ವ ಎದ್ದು ಬಂದು ಆಡುಗಳ ಮುಂದೆ ನಿಂತಳು.

"ಏನು ಸ್ವಾಮಿ? ನಿನ್ನೆ ಕರ್ಕೊಂಡು ಬಂದೆ, ಇವತ್ತು ಕೋಲು ಎತ್ತುತೀಯಾ?"

"ತಿಂತಾ ಇವೆ! ನೋಡು, ಬುಡಸಮೇತ ತಿಂತಾ ಇವೆ!"

"ಆಡು ಅಂದ್ರೆ ತಿಂತಾವೆ. ಮತ್ತೇನು ಪುರಾಣ ಓದ್ತಾವಾ? ಮೊದಲೂ ಇಲ್ಲೇ ಮೇಯ್ತಿದ್ದವು."

"ಮೊದಲಿಂದು ಬೇರೆ! ಅದನ್ನು ಇವು ಮುಟ್ತಿರಲಿಲ್ಲ!"

ಅಂದವನು ಅಲ್ಲೇ ನಿಂತುಬಿಟ್ಟ. ಆಡೂ ತಿನ್ನದ ಗಿಡ ಅಂತ ಹಳೆಯ ತುಂಬೆಯನ್ನು ಹಂಗಿಸಿದ್ದು ಅವನೇ. ಆ ಒರಟು ನವಿರು ಅದಕ್ಕೆ ಯಾಕಿತ್ತು ಅಂತ ಈಗ ತಿಳಿಯಿತು. ಬೇಲಿಯೊಳಗಿನ ಹೊಳೆದಂಡೆಯ ತುಂಬೆ ಆಡಿನ ಬಾಯಿ ಕಂಡದ್ದೇ ಇರಲಿಲ್ಲ. ಅದರ ಮಕ್ಕಳು ಗುಡ್ಡದಲ್ಲಿ ನಿಲ್ಲುವ ಹೊತ್ತಿಗೆ ಆಡುಗಳು ಊರು ಬಿಟ್ಟಿದ್ದವು.

ಕೋಲು ಹಿಡಿದ ಕೈ ಮೇಲೇ ಇತ್ತು. ಇಳಿಸಲೂ ಆಗಲಿಲ್ಲ, ಬೀಸಲೂ ಆಗಲಿಲ್ಲ. ಒಂದು ಕಡೆ ಅವನ ಅರ್ಧ ಆಯಸ್ಸು ಬೆಳೆಸಿದ ಗಿಡ. ಇನ್ನೊಂದು ಕಡೆ ಯಾರಿಗಾಗಿ ಬೆಳೆಸಿದನೋ ಆ ಕೆಂಚವ್ವ.

"ಬೇಲಿ ಹಾಕ್ತೀನಿ," ಅಂದ, ಅಜ್ಜನ ಕಡೆ ತಿರುಗಿ. "ಅಜ್ಜಾ, ಸುತ್ತ ಮುಳ್ಳಿನ ಬೇಲಿ ಹಾಕಿಬಿಡ್ತೀನಿ. ಒಂದೇ ಒಂದು ಬೇಲಿ."

"ಈಚಲ ಗರಿಯದಾ?" ಅಂದರು ಅಜ್ಜ ಬಂಡೆಯ ಮೇಲಿನಿಂದ.

ಮುರಿಗೆಪ್ಪನ ಕೈ ನಿಧಾನ ಇಳಿಯಿತು. ಕೋಲು ನೆಲಕ್ಕೆ ಬಿತ್ತು. ಕೆಂಚವ್ವ ಅವನನ್ನೇ ನೋಡುತ್ತಿದ್ದಳು. ಆಡುಗಳು ಯಾರನ್ನೂ ನೋಡುತ್ತಿರಲಿಲ್ಲ.

ಅವನು ಬಂದು ಅಜ್ಜನ ಕಾಲ ಬಳಿ ಕೂತ. ಕೂತಾಗ ಒಂದು ಮರಿ ಕಂಡಿತು. ಒಂದು ಗಿಡಕ್ಕೆ ಬಾಯಿ ಹಾಕಿ, ತಲೆ ಕೊಡವಿ, ಅದನ್ನು ಬಿಟ್ಟು ಪಕ್ಕದ್ದಕ್ಕೆ ಹೋಯಿತು.

"ಗಾಳಿ ಆಯ್ತು, ಬಿಸಿಲಾಯ್ತು, ಮುಗೀತು ಅಂದ್ಕೊಂಡಿದ್ದೆ ಅಜ್ಜಾ," ಅಂದ ಮುರಿಗೆಪ್ಪ. "ಇವು ಎಲ್ಲಾ ತಿಂದುಬಿಟ್ಟರೆ?"

ಅಜ್ಜ ಬಗ್ಗಿ ಖಾಲಿ ಬುಟ್ಟಿ ಎತ್ತಿ ಅವನ ಕೈಗೆ ಕೊಟ್ಟರು.

"ಆಡೂ ಗುಡ್ಡವೇ ಕಣೋ. ಅದು ಬಿಟ್ಟಿದ್ದರ ಬೀಜ ತೆಗೆ."